ಚಿಂಚೋಳಿಯ ಕಾಡು

ಕಲಬುರಗಿ ಜಿಲ್ಲೆಯೆಂದೊಡನೆ ಹೊರಗಿನವರ ನೆನಪಿಗೆ ಬರುವುದು ಬಿಸಿಲು. ಅದರ ಬೆನ್ನಿಗೇ ಎರೆಭೂಮಿ, ತೊಗರಿಯ ಹೊಲ, ಅಂಗಾಲಿಗೆ ತಣ್ಣಗೆ ತಾಗುವ ಶಹಾಬಾದಿನ ಹಾಸುಗಲ್ಲು. ಇಲ್ಲಿ ಕಾಡೂ ಇದೆಯೆಂದರೆ ನಂಬದೆ ನಗುವವರುಂಟು. ಅವರನ್ನು ದೂರುವಂತಿಲ್ಲ. ರೈಲಿನ ಕಿಟಕಿಯಿಂದ ಅವರು ಕಂಡ ನಾಡೇ ಅಂತಹುದು.

ಶಹಾಬಾದಿನಿಂದ ಹೊರಟ ರೈಲು ವಾಡಿಯನ್ನು ಸಮೀಪಿಸುವಷ್ಟರಲ್ಲಿ ಕಲ್ಲಿನ ಗಣಿಗಳೂ ಸಿಮೆಂಟು ಕಾರ್ಖಾನೆಯ ಎತ್ತರದ ಚಿಮಣಿಗಳೂ ಎದುರಾಗುತ್ತವೆ. ವಾಡಿಯಿಂದ ಪೂರ್ವಕ್ಕೆ ತಿರುಗುವ ಹಳಿ ಚಿತ್ತಾಪುರ, ಮಳಖೇಡ, ಸೇಡಂಗಳನ್ನು ಹಾದು ಹೈದರಾಬಾದಿನತ್ತ ಸಾಗುತ್ತದೆ. ನಿಜಾಮರ ಆಳಿಕೆಯಲ್ಲಿ, 1874ರಲ್ಲಿ, ತೆರೆದ ದಾರಿ ಅದು. ಈ ದಾರಿಯ ಇಕ್ಕೆಲಗಳಲ್ಲಿ ಮೇಲ್ಮಣ್ಣಿನ ಕೆಳಗೆ ಸುಣ್ಣಕಲ್ಲು ಹಾಸಿಕೊಂಡಿದೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಪದರು ಪದರಾಗಿ ಕುಳಿತು ಗಟ್ಟಿಗೊಂಡ ಕಲ್ಲು ಅದು. ಬಲ್ಲ ಕೆಲಸಗಾರನು ಪದರಿನ ಸಂದಿಗೆ ಉಳಿಯಿಟ್ಟು ಬಡಿದರೆ ಪುಸ್ತಕದ ಹಾಳೆ ಮಗುಚಿದಂತೆ ಚಪ್ಪಡಿಯೊಂದು ಎದ್ದುಬರುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಗೋಡೆಗೂ ಅದೇ ಕಲ್ಲು, ನೆಲಕ್ಕೂ ಅದೇ ಕಲ್ಲು. ಚಿತ್ತಾಪುರ ತಾಲ್ಲೂಕಿನ ಭೀಮಾತೀರದ ಕನಗನಹಳ್ಳಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಶಿಲ್ಪಿಗಳು ಬೌದ್ಧ ಸ್ತೂಪವನ್ನು ಕಟ್ಟಿದ್ದೂ ಸುಣ್ಣಕಲ್ಲಿನಿಂದಲೇ. ಅಶೋಕ ಚಕ್ರವರ್ತಿಯ ರೂಪವನ್ನು ಅವನ ಹೆಸರಿನ ಸಹಿತ ಅಲ್ಲಿಯ ಫಲಕವೊಂದರಲ್ಲಿ ಕೆತ್ತಿದ್ದಾರೆ.

ಅಂದಿನವರು ಕಲ್ಲನ್ನು ಕೆತ್ತಿದರು. ಇಂದಿನವರು ಅದನ್ನು ಪುಡಿಮಾಡಿ, ಕುಲುಮೆಯಲ್ಲಿ ಸುಟ್ಟು, ಸಿಮೆಂಟು ಮಾಡುತ್ತಾರೆ. ಇದರಿಂದ ಸಾವಿರಾರು ಸಂಸಾರಗಳ ಒಲೆ ಉರಿಯುತ್ತಿದೆಯೆಂಬುದನ್ನು ಮರೆಯಬಾರದು. ಆದರೆ ಕಲ್ಲು ತೀರಿದ ಗಣಿಯಲ್ಲಿ ಮಳೆಯ ನೀರು ನಿಲ್ಲುತ್ತದೆ, ಎಮ್ಮೆಗಳು ಇಳಿಯುತ್ತವೆ, ನೀರು ನೋಡಲು ಪಚ್ಚೆಯಂತೆ ಚೆಲುವಾಗಿಯೂ ಇರುತ್ತದೆ. ಆ ಹೊಂಡ ಮಾತ್ರ ಮತ್ತೆ ಹೊಲವಾಗುವುದಿಲ್ಲ.

ಸೇಡಂ ಬಿಟ್ಟು ಉತ್ತರಕ್ಕೆ ಚಿಂಚೋಳಿಯ ದಾರಿ ಹಿಡಿದು, ಅಲ್ಲಿಂದ ಕುಂಚಾವರಂ ಕಡೆಗೆ ಹೊರಟರೆ ನೋಟವೇ ಬೇರೆಯಾಗುತ್ತದೆ. ನೆಲ ಏರತೊಡಗುತ್ತದೆ. ಕರಿಯ ಮಣ್ಣು ಹಿಂದೆ ಸರಿದು ಕೆಂಪು ಜಂಬಿಟ್ಟಿಗೆ ಕಾಣಿಸಿಕೊಳ್ಳುತ್ತದೆ. ತೆಲಂಗಾಣದ ಗಡಿಗೆ ಆತುಕೊಂಡಿರುವ ಈ ಬೆಟ್ಟಗಳು ಮಲೆನಾಡಿನ ಗಿರಿಗಳಂತೆ ಮುಗಿಲಿಗೆ ತಲೆಯೆತ್ತಿದವಲ್ಲ. ಅಗಲವಾದ ಬೆನ್ನಿನ, ತಗ್ಗಾದ ದಿಬ್ಬಗಳು. ನಡುವೆ ಕಿರಿದಾದ ಕಣಿವೆಗಳು. ತೇಗ, ಮುತ್ತುಗ, ಶ್ರೀಗಂಧ, ಬಿದಿರು, ಸೀತಾಫಲ, ಅಲ್ಲೊಂದು ಇಲ್ಲೊಂದು ರಕ್ತಚಂದನ. ಮಾಘ ಕಳೆಯುತ್ತಲೇ ಎಲೆಯುದುರಿ ಕಾಡು ಬೋಳಾಗುತ್ತದೆ. ಆಗ ಬಂದವನು ಇದು ಸತ್ತ ಕಾಡೆಂದೇ ಹೇಳಿ ಹೋಗುತ್ತಾನೆ. ಅದು ಸತ್ತಿರುವುದಿಲ್ಲ, ನೀರನ್ನು ಉಳಿಸುತ್ತಿರುತ್ತದೆ. ಎಲೆ ಹೊತ್ತ ಮರ ಬಿಸಿಲಿಗೆ ಬಹಳ ನೀರು ಬಿಡಬೇಕಾಗುತ್ತದೆ. ಬೇಸಗೆಯಲ್ಲಿ ಎಲೆ ಉದುರಿಸುವುದು ಒಣನಾಡಿನ ಮರಗಳು ಕಲಿತ ಮಿತವ್ಯಯ.

ನೆಲವೂ ಅದೇ ಬಗೆಯದು. ಮೇಲಿನ ಜಂಬಿಟ್ಟಿಗೆಯ ತುಂಬ ಜೇನುಹುಟ್ಟಿನಂತೆ ತೂತುಗಳು. ಅದರ ಅಡಿಗೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ತಣಿದ ಲಾವಾರಸದ ಕರಿಗಲ್ಲು. ಮಳೆ ಬಿದ್ದಾಗ ತರಗೆಲೆಗಳು ಹನಿಯ ಪೆಟ್ಟನ್ನು ತಾಳಿಕೊಳ್ಳುತ್ತವೆ. ನೀರು ಓಡಿಹೋಗದೆ ಜಂಬಿಟ್ಟಿಗೆಯೊಳಗೆ ಇಳಿಯುತ್ತದೆ. ಕೆಳಗಿನ ಕರಿಗಲ್ಲು ತಡೆದಾಗ ಅದು ಪಕ್ಕಕ್ಕೆ ಸರಿದು ಕಣಿವೆಯ ಮಗ್ಗುಲಲ್ಲಿ ಒಸರುತ್ತದೆ. ಮಳೆ ನಿಂತು ತಿಂಗಳಾದರೂ ಹಳ್ಳದಲ್ಲಿ ನೀರಾಡುವ ಗುಟ್ಟು ಇದು. ಚಂದ್ರಂಪಳ್ಳಿಯ ಜಲಾಶಯ ತುಂಬುವುದು ಇಂತಹ ಹಳ್ಳಗಳ ನೀರಿನಿಂದಲೇ. ಆ ನೀರು ಮುಲ್ಲಾಮಾರಿಯಾಗಿ, ಕಾಗಿಣೆಯಾಗಿ, ಭೀಮೆಯಾಗಿ ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ಕಾಗಿಣೆಯ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಊರಷ್ಟೆ? ನೃಪತುಂಗನ ಅರಮನೆಯವರು ಕುಡಿದ ನೀರಿನ ಮೂಲವನ್ನು ಚರಿತ್ರೆಯ ಪುಸ್ತಕಗಳು ವಿಚಾರಿಸುವುದಿಲ್ಲ.

ಇಲ್ಲಿಯ ತಾಂಡಾಗಳಲ್ಲಿ ಲಂಬಾಣಿಗರು ವಾಸವಾಗಿದ್ದಾರೆ. ಒಂದು ಕಾಲಕ್ಕೆ ಅವರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದವರು. ‘ಲದೇಣಿ’ ಎಂದು ಅವರು ಕರೆಯುತ್ತಿದ್ದ ಆ ಹೇರಾಟವನ್ನು ರೈಲು ಕಸಿದುಕೊಂಡಿತು. ಅಲೆದಾಟ ನಿಂತ ಮೇಲೆ ಎತ್ತಿಗೆ ಹುಲ್ಲು, ಜನಕ್ಕೆ ನೀರು ಸಿಗುವ ಬೆಟ್ಟದ ತಪ್ಪಲುಗಳಲ್ಲಿ ಬೀಡುಬಿಟ್ಟ ಲಂಬಾಣಿಗರು ಎಷ್ಟೋ ಮಂದಿ. ಕಾಡು ಅವರಿಗೆ ಸೌದೆ ಕೊಟ್ಟಿತು, ಮೇವು ಕೊಟ್ಟಿತು, ಸೀತಾಫಲದ ಕಾಲದಲ್ಲಿ ಸಂತೆಯ ಖರ್ಚಿಗೆ ನಾಲ್ಕು ಕಾಸನ್ನೂ ಕೊಟ್ಟಿತು. ಅದಕ್ಕೆ ಪ್ರತಿಯಾಗಿ ಕಾಡು ತೆತ್ತುದೂ ಉಂಟು. ದನದ ಬಾಯಿಗೆ ಹುಲ್ಲು ಯಾವುದು, ನಾಳಿನ ಮರದ ಸಸಿ ಯಾವುದು ಎಂಬ ಭೇದವಿಲ್ಲ. ದಿನವೂ ಮಂದೆ ನುಗ್ಗುವೆಡೆ ಹಳೆಯ ಮರಗಳು ನಿಂತಿರುತ್ತವೆ. ಅವುಗಳ ಮಕ್ಕಳು ಕಾಣುವುದಿಲ್ಲ.

ಈ ಕಾಡಿನಲ್ಲಿ ಕತ್ತೆಕಿರುಬವಿದೆ, ತೋಳವಿದೆ, ಹೆಣ್ಣಿಗೆ ಕೋಡಿಲ್ಲದ, ಗಂಡಿಗೆ ನಾಲ್ಕು ಕೋಡುಗಳಿರುವ ಕೊಂಡುಕುರಿಯಿದೆ. ಹುಲಿಗೆ ಸಿಗುವ ಮನ್ನಣೆ ಇವಕ್ಕೆ ಸಿಗುವುದಿಲ್ಲ. ಆದರೆ ಒಣನಾಡು ಬಿಟ್ಟರೆ ತೋಳಕ್ಕೆ ಬೇರೆ ನೆಲೆಯೆಲ್ಲಿದೆ? ಇದನ್ನು ಮನಗಂಡು ಕರ್ನಾಟಕ ಸರ್ಕಾರವು 2011ರಲ್ಲಿ 134.88 ಚದರ ಕಿಲೋಮೀಟರ್ ಕಾಡನ್ನು ಚಿಂಚೋಳಿ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಿತು. ಘೋಷಣೆ ಯುಕ್ತವಾದುದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗಿಂದ ಅನುಮತಿಯಿಲ್ಲದೆ ಏನನ್ನೂ ಒಯ್ಯುವಂತಿಲ್ಲ. ನಕ್ಷೆಯ ಮೇಲೆ ಗೆರೆ ಎಳೆದಾಗ ತಾಂಡಾಗಳು ಅದರೊಳಗೇ ಉಳಿದವು.

ಕಾಡಿನಲ್ಲಿ ಬಾಳಿದವರ ಹಕ್ಕನ್ನು ಕಾಪಾಡಲು ಪಾರ್ಲಿಮೆಂಟು 2006ರಲ್ಲಿಯೇ ಬೇರೊಂದು ಕಾಯ್ದೆಯನ್ನು ಮಾಡಿತ್ತು. ಅದರಂತೆ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ನೆಲೆಸಿದ್ದುದನ್ನು ತೋರಿಸಿದರೆ ಸಾಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕು. ತೊಡಕು ಇರುವುದು ಇಲ್ಲಿಯೇ. ಗಡಿಯಾಚೆ ತೆಲಂಗಾಣದಲ್ಲಿ ಲಂಬಾಡರು ಪರಿಶಿಷ್ಟ ಪಂಗಡ. ಗಡಿಯೀಚೆ ಕರ್ನಾಟಕದಲ್ಲಿ ಅದೇ ಜನ ಪರಿಶಿಷ್ಟ ಜಾತಿ. ದಿಬ್ಬದ ಆ ಬದಿಯ ಬಂಧುವಿಗೆ ಒಂದು ಅಳತೆ, ಈ ಬದಿಯವನಿಗೆ ಇನ್ನೊಂದು. 1956ಕ್ಕೆ ಮೊದಲು ಆ ಬದಿ, ಈ ಬದಿಯೆಂಬುದೇ ಇರಲಿಲ್ಲ. ಎರಡೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು.

ಲೆಕ್ಕ ಹಾಕಿದರೆ ಈಚೆಯವನು 1930ಕ್ಕೆ ಹೋಗಿ ಮುಟ್ಟಬೇಕು. ಅಂದಿನ ಸರ್ಕಾರಿ ಕಾಗದಪತ್ರಗಳ ಭಾಷೆ ಉರ್ದು. ಬಯಲಿನ ಮೇಲೆ ಗುಡಿಸಲು ಕಟ್ಟಿಕೊಂಡು, ಬರಗಾಲ ಬಂದಾಗ ದನಗಳೊಡನೆ ಮುಂದೆ ಸರಿದು, ಮಳೆಯಾದಾಗ ಹಿಂದಿರುಗಿದವರ ಹೆಸರನ್ನು ಯಾವ ದಫ್ತರದವನು ಬರೆದುಕೊಂಡಿದ್ದಾನು? ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಒಪ್ಪಬಹುದೆಂದು ಕಾಯ್ದೆಯ ನಿಯಮ ಹೇಳುತ್ತದೆ. ನಿಯಮ ದಯೆಯುಳ್ಳದ್ದು. ಆದರೆ 1930ನ್ನು ಕಣ್ಣಾರೆ ಕಂಡವರು ಇಂದು ಬೆರಳೆಣಿಕೆಗೂ ಸಿಗುವುದು ಕಷ್ಟ. ಇರುವ ಮುದುಕರು ಇಸವಿಯಿಂದ ಕಾಲವನ್ನು ಎಣಿಸಿದವರೂ ಅಲ್ಲ.

ಸುಗ್ಗಿ ಮುಗಿದ ಮೇಲೆ ತಾಂಡಾಗಳು ಬರಿದಾಗುತ್ತವೆ. ಗಟ್ಟಿಮುಟ್ಟಾದವರೆಲ್ಲ ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಅಲ್ಲಿ ಅವರು ತಲೆಯ ಮೇಲೆ ಹೊರುವ ಸಿಮೆಂಟು ವಾಡಿಯದೋ ಸೇಡಂನದೋ ಆಗಿದ್ದರೆ ಆಶ್ಚರ್ಯವಿಲ್ಲ. ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು ಮತ್ತು ದನಗಳು. ಮೃಗಶಿರಾ ಮಳೆ ಹನಿಯುವ ಹೊತ್ತಿಗೆ ಹೋದವರು ಹಿಂದಿರುಗುತ್ತಾರೆ. ಅಷ್ಟರಲ್ಲಿ ಬೋಳು ಮರಗಳೆಲ್ಲ ಚಿಗುರಿ, ಬಂಡೆಗಳ ಸಂದಿಯಲ್ಲಿ ಹುಲ್ಲು ಮೊಳೆತು, ಹಳ್ಳಕ್ಕೆ ಕೆಂಪು ನೀರು ಬಂದಿರುತ್ತದೆ. ದನಗಳು ಹಟ್ಟಿಯಿಂದ ಬಿಟ್ಟೊಡನೆ ಹಸಿರಿನ ವಾಸನೆ ಹಿಡಿದು ದಿಬ್ಬದ ಕಡೆಗೇ ಮುಖಮಾಡುತ್ತವೆ. ಕೋಲು ಹಿಡಿದ ಮುದುಕ ಅವುಗಳ ಮುಂದೆ ಬಂದು ನಿಂತು, ಅರಣ್ಯ ಇಲಾಖೆಯವರು ನೆಟ್ಟ ಗಡಿಗಲ್ಲಿನವರೆಗೆ ಹೋಗಿ, ಅಲ್ಲಿಂದ ಅವುಗಳನ್ನು ಹಿಂದಕ್ಕೆ ತಿರುಗಿಸುತ್ತಾನೆ.