ಮಂತ್ರದ ಬಾಣ ಹಾರಬಹುದೇ?

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಆಟ ಹುಟ್ಟಿದ್ದೇ ದೂರದೂರ ಕೂತ ಇಬ್ಬರ ನಡುವೆ. ಗ್ಯಾರಿ ಗೈಗ್ಯಾಕ್ಸ್ ಇದ್ದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ. ಡೇವ್ ಆರ್ನೆಸನ್ ಪಕ್ಕದ ಮಿನ್ನೆಸೋಟದವರು, ನಡುವೆ ಸುಮಾರು ಐನೂರು ಕಿಲೋಮೀಟರ್ ದಾರಿ. ನಿಯಮಗಳು ಅಂಚೆಯಲ್ಲಿ ಓಡಾಡಿದವು, ಟೆಲಿಫೋನಿನಲ್ಲಿ ತಿದ್ದುಪಡಿ ಕಂಡವು. 1974ರಲ್ಲಿ ಆಟ ಪೆಟ್ಟಿಗೆಯಾಗಿ ಹೊರಬಂದಾಗ ಮೊದಲ ಮುದ್ರಣ ಬರೀ ಸಾವಿರ ಪ್ರತಿ. ಒಂದೇ ಮೇಜಿನ ಸುತ್ತ ಕೂತು ಆಡಿದರಷ್ಟೇ ಆಟ, ಕಂಪ್ಯೂಟರಿನಲ್ಲಿ ಆಡಿದ್ದು ಲೆಕ್ಕಕ್ಕಿಲ್ಲ ಎಂದು ಮೂಗು ಮುರಿಯುವವರು ಈ ಅಂಚೆಯ ಕತೆ ಮರೆತಿರುತ್ತಾರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ, ಎನಿಸಿಕೊಂಡವರು ಕತೆ ನಡೆಸುತ್ತಾರೆ. ಉಳಿದ ನಾಲ್ಕೈದು ಮಂದಿ ಒಂದೊಂದು ಪಾತ್ರ. "ಬಾಗಿಲು ಒದೀತೀನಿ" ಅಂತ ಒಬ್ಬ ಅಂದರೆ, ಬಾಗಿಲು ಮುರಿಯಿತೋ ಕಾಲು ಉಳುಕಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕರಾವಳಿಯವರಿಗೆ ಇದು ಬೇಗ ಅರ್ಥವಾದೀತು. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಮಾತಿನಲ್ಲಿ ಯುದ್ಧಭೂಮಿ ಕಟ್ಟುವ ತಾಳಮದ್ದಳೆಗೆ ಇದು ಹತ್ತಿರದ ನೆಂಟ. ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತಿರುತ್ತದೆ, ಇಲ್ಲಿ ಡಿಎಂಗೂ ಗೊತ್ತಿರುವುದಿಲ್ಲ.

ಇದನ್ನು ಪರದೆಗೆ ತರುವ ತಂತ್ರಾಂಶ ಹೊಸದೇನಲ್ಲ. ಫ್ಯಾಂಟಸಿ ಗ್ರೌಂಡ್ಸ್ 2004ರಲ್ಲೇ ಬಂದಿತ್ತು. ಕಾಲೇಜು ಮುಗಿದು ಚದುರಿಹೋದ ಮೂವರು ರೂಮ್‌ಮೇಟ್‌ಗಳು ಮತ್ತೆ ಜೊತೆಯಾಗಿ ಆಡಬೇಕೆಂದು ಕಟ್ಟಿಕೊಂಡದ್ದು ರೋಲ್20. 2012ರಲ್ಲಿ ಅವರು ಜನರ ಮುಂದೆ ಐದು ಸಾವಿರ ಡಾಲರ್‌ಗೆ ಕೈಯೊಡ್ಡಿದರೆ ಬಂದದ್ದು ನಲವತ್ತು ಸಾವಿರದ ಹತ್ತಿರ. ಬ್ರೌಸರ್ ತೆರೆದರೆ ಸಾಕು. ಚೌಕಳಿಯ ಮ್ಯಾಪು, ಅದರ ಮೇಲೆ ಟೋಕನ್ನುಗಳು, ಪಕ್ಕದಲ್ಲಿ ಚಾಟ್, ದಾಳ.

ಈ ಸಲಕರಣೆಗಳು ಮೇಜನ್ನು ನಿಜಕ್ಕೂ ಮೀರಿಸುವುದು ತೋರಿಸುವುದರಲ್ಲಲ್ಲ, ಮುಚ್ಚಿಡುವುದರಲ್ಲಿ. ಮನೆಯ ಮೇಜಿನ ಮೇಲೆ ಮ್ಯಾಪು ಹರಡಿದರೆ ಎಲ್ಲರ ಕಣ್ಣಿಗೂ ಅದೊಂದೇ. ಆನ್‌ಲೈನಿನಲ್ಲಿ ಹಾಗಲ್ಲ. ಐದನೇ ಆವೃತ್ತಿಯ ನಿಯಮದಂತೆ ಎಲ್ಫ್‌ಗೆ ಕತ್ತಲಲ್ಲೂ 60 ಅಡಿ ಕಾಣುತ್ತದೆ, ಮನುಷ್ಯನಿಗೆ ಪಂಜು ಬೇಕು. ಪಂಜಿನ ಬೆಳಕು 20 ಅಡಿ, ಅದರಾಚೆ ಇನ್ನು 20 ಅಡಿ ಮಬ್ಬು. ತಂತ್ರಾಂಶ ಇದನ್ನೆಲ್ಲ ಲೆಕ್ಕ ಹಾಕಿ ಒಬ್ಬೊಬ್ಬರ ಪರದೆಯಲ್ಲಿ ಒಂದೊಂದು ಗುಹೆ ಬಿಡಿಸುತ್ತದೆ. ಎಲ್ಫ್ ಆದವಳು "ಅಯ್ಯೋ, ಅಲ್ಲಿ ನೋಡ್ರೋ!" ಎಂದು ಕೂಗಿದಾಗ ಪಂಜು ನಂದಿಹೋದ ಮನುಷ್ಯ ಪಾತ್ರಧಾರಿಗೆ ಕಾಣುವುದು ಕಪ್ಪು ಪರದೆ ಮಾತ್ರ. ಆ ಗಾಬರಿ ನಟನೆಯಲ್ಲ.

ಅದರ ಕೂಲಿ ಡಿಎಂ ತಲೆಯ ಮೇಲೆ. ಚಿತ್ರದಲ್ಲಿ ಗೋಡೆ ಇದ್ದರೆ ಸಾಲದು. ನೋಟ ತಡೆಯುವ ಗೆರೆಯನ್ನು ಪ್ರತಿ ಗೋಡೆಯ ಗುಂಟ ಎಳೆಯಬೇಕು, ಪ್ರತಿ ಬಾಗಿಲಿಗೂ ಗುರುತು ಹಾಕಬೇಕು. ಎರಡು ಗೆರೆ ಕೂಡುವಲ್ಲಿ ಕೂದಲೆಳೆಯಷ್ಟು ಸಂದಿ ಬಿಟ್ಟರೂ ಮುಗಿಯಿತು, ಕೊನೆಯ ಕೋಣೆಯ ಡ್ರ್ಯಾಗನ್ ಮೊದಲ ಓಣಿಯಿಂದಲೇ ಬಾಲ ಆಡಿಸುತ್ತದೆ.

ದಾಳದ ಮೇಲಿನ ಗುಮಾನಿಯಂತೂ ಬಗೆಹರಿಯದ ವ್ಯಾಜ್ಯ. ಕೈಯಲ್ಲಿ ಕುಲುಕಿ ಎಸೆದು ಸೋತವನು ಹಣೆಬರಹ ಎನ್ನುತ್ತಾನೆ, ಗುಂಡಿ ಒತ್ತಿ ಸೋತವನು ತಂತ್ರಾಂಶ ಮೋಸ ಎನ್ನುತ್ತಾನೆ. ರೋಲ್20 ಒಡೆದ ಬೆಳಕಿನ ಕಿರಣದ ಏರಿಳಿತದಿಂದ ಅಂಕೆ ಹೆಕ್ಕುವ ಏರ್ಪಾಡು ಮಾಡಿಕೊಂಡಿತು. ಭೌತಶಾಸ್ತ್ರವನ್ನೇ ಜಾಮೀನಿಗೆ ಕರೆದರೂ ಗೊಣಗಾಟ ನಿಲ್ಲಲಿಲ್ಲ. ಪರದೆಯ ಮೇಲೆ ಖಣಖಣ ಉರುಳುವ ಚಂದದ ದಾಳಗಳಲ್ಲಿ ಅಂಕೆ ಸಾಮಾನ್ಯವಾಗಿ ಮೊದಲೇ ತೀರ್ಮಾನವಾಗಿರುತ್ತದೆ, ಉರುಳಾಟ ಆಮೇಲಿನ ಮೆರವಣಿಗೆ. ಇದನ್ನು ತಿಳಿದವರೂ ಉಸಿರು ಬಿಗಿಹಿಡಿದೇ ನೋಡುತ್ತಾರೆ.

ಹಾಗಾದರೆ ಪರದೆ ಎಷ್ಟು ತೋರಿಸಬೇಕು? 2023ರ ಜನವರಿಯಲ್ಲಿ ಈ ಪ್ರಶ್ನೆ ವಕೀಲರ ಮೇಜಿಗೇ ಹೋಯಿತು. ಆಟದ ಒಡೆತನವಿರುವ ವಿಜರ್ಡ್ಸ್ ಆಫ್ ದಿ ಕೋಸ್ಟ್, ಆಟದ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುವ, 2000ದಿಂದ ಜಾರಿಯಲ್ಲಿದ್ದ ಮುಕ್ತ ಪರವಾನಗಿಯನ್ನು ಬದಲಿಸಲು ಹೊರಟು ಕರಡೊಂದನ್ನು ಮುಂದಿಟ್ಟಿತು. ಅದರಲ್ಲಿ ಉದಾಹರಣೆಯಾಗಿ ಬಂದದ್ದು ಮ್ಯಾಜಿಕ್ ಮಿಸೈಲ್, ಗುರಿ ತಪ್ಪದ ಮಂತ್ರದ ಬಾಣ. ಬಾಣ ಹಾರಿತು ಎಂದು ಬಾಯಲ್ಲಿ ಹೇಳಿದರೆ ಅದು ಮೇಜಿನ ಆಟ. ಅದು ಪರದೆ ಸೀಳಿಕೊಂಡು ಹೋಗುವುದನ್ನು ಅನಿಮೇಷನ್ನಿನಲ್ಲಿ ತೋರಿಸಿದರೆ ಕಲ್ಪನೆಯ ಜಾಗವನ್ನು ಚಿತ್ರ ಕಸಿದುಕೊಂಡಂತೆ, ಅದು ವಿಡಿಯೊ ಗೇಮ್‌ನ ಸಾಲಿಗೆ ಸೇರಿತು, ಅನುಮತಿ ಇಲ್ಲ. ಆಟಗಾರರು ರೊಚ್ಚಿಗೆದ್ದರು. ತಿಂಗಳು ಮುಗಿಯುವ ಮೊದಲೇ ಕಂಪನಿ ಹಿಂದೆ ಸರಿದು, ಸುಮಾರು 400 ಪುಟಗಳ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅಡಿ ಎಲ್ಲರಿಗೂ ಬಿಟ್ಟುಕೊಟ್ಟಿತು.

ಕಾನೂನಾಗಿ ಮಂತ್ರದ ಬಾಣದ ಆ ಸಾಲು ಹಾಸ್ಯಾಸ್ಪದ. ರುಚಿಯ ಮಾತಾಗಿ ನೋಡಿದರೆ ಅಷ್ಟು ಸುಲಭಕ್ಕೆ ತಳ್ಳಿಹಾಕಲಾಗದು. ಬಾಣ ಪ್ರತಿ ಸಲವೂ ಒಂದೇ ನೀಲಿ ಗೆರೆಯಾಗಿ ಹಾರಿದರೆ ಮೂರನೇ ಸಲಕ್ಕೆ ಯಾರೂ ಅದನ್ನು ವರ್ಣಿಸುವುದಿಲ್ಲ. ವಿಚಿತ್ರವೆಂದರೆ ಅದೇ ಕಂಪನಿ ಆಗಲೇ ಮೂರು ಆಯಾಮದ ತನ್ನದೇ ಮೇಜನ್ನು ಕಟ್ಟಿಸುತ್ತಿತ್ತು, ಬೆಳಕು, ಹೊಗೆ, ಮಂತ್ರದ ಕಿಡಿ ಸಮೇತ. ಸಿಜಿಲ್ ಎಂಬ ಹೆಸರಿನಲ್ಲಿ 2025ರ ಆರಂಭದಲ್ಲಿ ಅದು ಹೊರಬಂತು. ಕೆಲವೇ ವಾರಗಳಲ್ಲಿ ಅದನ್ನು ಕಟ್ಟಿದ ತಂಡದ ಬಹುಪಾಲು ಮಂದಿ ಕೆಲಸ ಕಳೆದುಕೊಂಡರು.

ಜನ ಮಾತ್ರ ಕಡಿಮೆ ವೈಭವದ ಕಡೆಗೇ ವಾಲಿದ್ದಾರೆ. 2020ರ ಮೇನಲ್ಲಿ ಬಂದ ಫೌಂಡ್ರಿ ಎಂಬ ತಂತ್ರಾಂಶಕ್ಕೆ ಡಿಎಂ ಒಬ್ಬರು ಒಮ್ಮೆ ದುಡ್ಡು ಕೊಟ್ಟರೆ ಉಳಿದವರು ಬಿಟ್ಟಿಯಾಗಿ ಬಂದು ಕೂರಬಹುದು. ಆದರೆ ಅದನ್ನು ಸ್ವಂತ ಕಂಪ್ಯೂಟರಿನಿಂದಲೇ ನಡೆಸಹೊರಟರೆ ನಮ್ಮ ಕಡೆ ಇನ್ನೊಂದು ತೊಡಕು. ಇಲ್ಲಿನ ಎಷ್ಟೋ ಇಂಟರ್ನೆಟ್ ಕಂಪನಿಗಳು ಹಲವಾರು ಮನೆಗಳಿಗೆ ಸೇರಿ ಒಂದೇ ಐಪಿ ವಿಳಾಸ ಹಂಚುವುದರಿಂದ, ಹೊರಗಿನ ಆಟಗಾರರಿಗೆ ಡಿಎಂ ಮನೆಯ ಬಾಗಿಲೇ ಸಿಗುವುದಿಲ್ಲ. ಕೊನೆಗೆ ಸರ್ವರ್ ಬಾಡಿಗೆಗೆ ಹಿಡಿಯುತ್ತಾರೆ, ಇಲ್ಲವೇ ಡಿಸ್ಕಾರ್ಡ್‌ನಲ್ಲಿ ದನಿ ಮಾತ್ರ ಸೇರಿಸಿ, ದಾಳವನ್ನು ತಂತಮ್ಮ ಮನೆಯಲ್ಲೇ ಎಸೆದು, "ಹದಿನೇಳು ಬಿತ್ತು ಕಣೋ" ಅಂದದ್ದನ್ನು ನಂಬುತ್ತಾರೆ.

ಯಾವ ತಂತ್ರಾಂಶವೂ ಗೆಲ್ಲದ ರಾಕ್ಷಸ ಗಡಿಯಾರ. ಬೇಸಿಗೆಯಲ್ಲಿ ಬೆಂಗಳೂರಿನ ಶನಿವಾರ ಬೆಳಗಿನ ಎಂಟು ಗಂಟೆಯೆಂದರೆ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಸಂಜೆ ಏಳೂವರೆ. ಇಬ್ಬರಿಗೂ ಒಗ್ಗುವ ಹೊತ್ತು, ಲಂಡನ್ನಿನ ಗೆಳೆಯ ಮಾತ್ರ ನಸುಕಿನ ಮೂರೂವರೆಗೆ ಎದ್ದು ಕೂರಬೇಕು. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ಅಲ್ಲಿಯವರಿಗೆ ಆಟ ಆರೂವರೆಗೇ ಶುರುವಾಗಿ, ಕಾರು ಓಡಿಸುತ್ತಲೇ ಫೋನಿನಲ್ಲಿ ಯುದ್ಧಕ್ಕೆ ಇಳಿಯುವ ಪ್ರಸಂಗ ಬರುತ್ತದೆ. ಇಲ್ಲಿಯವರು ಒಂಬತ್ತಕ್ಕೆ ಮುಂದೂಡೋಣ ಎಂದರೆ ಯಾರದೋ ಮಗುವಿನ ಸಂಗೀತ ಪಾಠಕ್ಕೆ ಅಡ್ಡ. ವಾಟ್ಸ್ಆ್ಯಪ್ ಗುಂಪಿನಲ್ಲಿ ಮತದಾನ ನಡೆಯುತ್ತದೆ, ಲಂಡನ್ನಿನವನು ಮತ ಹಾಕುವುದನ್ನೂ ಬಿಟ್ಟಿರುತ್ತಾನೆ.