ನೀರು ನುಗ್ಗಿದ ದಾರಿ

ತೀರ್ಥಹಳ್ಳಿಯ ಮಳೆಗಾಲದಲ್ಲಿ ನಮ್ಮ ಭಾವನ ಪುಟ್ಟ ಕಾರಿನ ಡಿಕ್ಕಿಗೆ ನೀರು ಬರತೊಡಗಿತು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ದಿನವೂ ಕೆರೆ. ಕಾರು ತೊಳೆಯುವ ಹುಡುಗನೇ ಪೈಪಿನ ನೀರು ಒಳಗೆ ಬಿಡುತ್ತಾನೆಂದು ಮನೆಯವರು ತೀರ್ಮಾನಿಸಿದರು. ಅವನ ಕೆಲಸ ಹೋಗುವುದರಲ್ಲಿತ್ತು. ಗ್ಯಾರೇಜಿನಲ್ಲಿ ಹಿಂಬಾಗಿಲಿನ ರಬ್ಬರ್ ಬದಲಿಸಿದರೂ ನೀರು ನಿಲ್ಲಲಿಲ್ಲ.

ನೀರು ನಿಲ್ಲುವ ಜಾಗವೇ ನುಗ್ಗುವ ಜಾಗವಲ್ಲ. ಛಾವಣಿಯ ಬೆಸುಗೆ, ಆಂಟೆನಾದ ಬುಡ, ಹಿಂದಿನ ದೀಪದ ಗ್ಯಾಸ್ಕೆಟ್, ಬಂಪರಿನ ಹಿಂದಿನ ಗಾಳಿಕಿಂಡಿ, ಹೀಗೆ ಎಲ್ಲಿಂದಲೋ ಬಂದು ತಗಡಿನ ಗುಂಟ ಹರಿದು ತಗ್ಗು ಸೇರುತ್ತದೆ. ಮ್ಯಾಟು, ಹೊದಿಕೆ ಎಲ್ಲ ತೆಗೆದು ಒರೆಸಿ ಒಣಗಿಸಿದೆವು. ಒಳಗಿನ ಸಂದುಗಳಿಗೆ ಟಾಲ್ಕಂ ಪೌಡರ್ ಉದುರಿಸಿದೆವು. ಆ ಹುಡುಗನೇ ಟಾರ್ಚ್ ಹಿಡಿದು ಡಿಕ್ಕಿಯೊಳಗೆ ಮುದುಡಿ ಕುಳಿತ. ನಾನು ಹೊರಗಿನಿಂದ, ಕೆಳಗಿಂದ ಮೇಲಕ್ಕೆ ಒಂದೊಂದೇ ಜಾಗಕ್ಕೆ ಮೆಲ್ಲಗೆ ನೀರು ಬಿಟ್ಟೆ. ಮೇಲಿನಿಂದ ಸುರಿದರೆ ಎಲ್ಲವೂ ಒಮ್ಮೆಗೇ ನೆನೆದು ಏನೂ ತಿಳಿಯುವುದಿಲ್ಲ.

"ಚಾಚಾ, ಇಲ್ಲಿ ನೋಡಿ!"

ಬಲಗಡೆಯ ದೀಪದ ಹಿಂದೆ ಪೌಡರಿನ ಮೇಲೆ ತೆಳ್ಳನೆಯ ಒಂದು ಗೆರೆ. ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟಿತ್ತು. ಹೊಸದನ್ನು ಹಾಕಿಸಿದ ಮೇಲೆ ಗುಂಡಿ ಒಣಗಿತು, ಹುಡುಗನ ಕೆಲಸವೂ ಉಳಿಯಿತು.

ಅನುಮಾನವೂ ನೀರಿನಂತೆಯೇ, ತಗ್ಗು ಹುಡುಕಿ ಹರಿಯುತ್ತದೆ. ಆ ಕಾರನ್ನು ಮುಟ್ಟುವವರಲ್ಲಿ ಅವನೇ ಎಲ್ಲರಿಗಿಂತ ಬಡವ.