ನೋಡದೆ ಬರೆದ ಇಪ್ಪತ್ತು

ಮನೆಯವರನ್ನು ಯಾವತ್ತಾದರೂ ಆಸ್ಪತ್ರೆಗೆ ಅಡ್ಮಿಟ್ ಮಾಡಿದ್ದರೆ ನಿಮಗೆ ಕೇಸ್ ಶೀಟ್ ಗೊತ್ತಿರುತ್ತದೆ. ಜ್ವರ, ನಾಡಿ, ಉಸಿರು, ಬಿಪಿ ಎಲ್ಲವನ್ನೂ ಅದರಲ್ಲಿ ಗಂಟೆ ಸಮೇತ ಬರೆದಿರುತ್ತಾರೆ. ಮುಂದಿನ ಸಲ ಅವಕಾಶ ಸಿಕ್ಕರೆ ಉಸಿರಿನ ಸಾಲನ್ನು ಒಮ್ಮೆ ನೋಡಿ. ಬೆಳಗ್ಗೆ 20, ಮಧ್ಯಾಹ್ನ 20, ರಾತ್ರಿ 20. ಪಕ್ಕದ ಮಂಚದವರಿಗೂ 20 ಅಂತಲೇ ಇದ್ದರೆ ಅನುಮಾನ ಪಡಿ.

ದೊಡ್ಡವರು ಸುಮ್ಮನೆ ಮಲಗಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ನೋವಿದ್ದರೆ, ಜ್ವರ ಬಂದರೆ, ಹೆದರಿದರೆ ಅದು ಏರುತ್ತದೆ. ಹತ್ತು ಜನ ಕಾಯಿಲೆಯವರು ಮಾತಾಡಿಕೊಂಡ ಹಾಗೆ ಒಂದೇ ಲೆಕ್ಕದಲ್ಲಿ ಉಸಿರಾಡುವುದಿಲ್ಲ. ಎದೆ ಏರಿಳಿಯುವುದನ್ನು ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಬೇಕು. ಎಣಿಸುವ ವ್ಯವಧಾನ ಇಲ್ಲದವರು 20 ಅಂತ ಬರೆದು ಮುಂದಕ್ಕೆ ಹೋಗುತ್ತಾರೆ.

ನಾವು ಮೂವರು ಜಿಲ್ಲಾ ಕೇಂದ್ರವೊಂದರಲ್ಲಿ ನರ್ಸಿಂಗ್ ಕಲಿಸುವವರು. ಮೂರು ವರ್ಷದ ಜಿಎನ್‌ಎಂ ಓದುವ ಮಕ್ಕಳನ್ನು ಪಾಳಿ ಹಾಕಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಇದನ್ನು ಪೋಸ್ಟಿಂಗ್ ಅನ್ನುತ್ತಾರೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹಳ್ಳಿಯವರು. ಪಿಯುಸಿವರೆಗೆ ಕನ್ನಡದಲ್ಲಿ ಓದಿ, ಇಲ್ಲಿ ಬಂದು ಇಂಗ್ಲಿಷ್ ಪುಸ್ತಕದ ಮುಂದೆ ಕೂತವರು. ಇವರಲ್ಲಿ ಒಬ್ಬ ವಿದ್ಯಾರ್ಥಿನಿಯ ವಿಷಯ ಇಲ್ಲಿ ಹೇಳುತ್ತಿದ್ದೇವೆ. ಅವಳ ಹೆಸರು, ಊರು, ಕಾಲೇಜು ಯಾವುದೂ ಬೇಡ.

ಅವಳಿಗೆ ಹೆರಿಗೆ ವಾರ್ಡಿನ ಪೋಸ್ಟಿಂಗ್. ಆರು ಜನ ಬಸುರಿಯರ ಬಿಪಿ, ನಾಡಿ, ಉಸಿರು ನೋಡಿ ಹತ್ತು ಗಂಟೆಗೆ ಬರೆಯಬೇಕಿತ್ತು. ಹತ್ತೂಕಾಲಿಗೆ ನಮ್ಮಲ್ಲೊಬ್ಬರು ಹೋಗಿ ನೋಡಿದರೆ ಆರೂ ಶೀಟು ಭರ್ತಿ. ಅಕ್ಷರ ಮುತ್ತಿನ ಹಾಗಿತ್ತು. ಆದರೆ ಏಳನೇ ಮಂಚ ಖಾಲಿ. ಆ ಹೆಣ್ಣುಮಗಳನ್ನು ಒಂಬತ್ತೂವರೆಗೇ ಸ್ಕ್ಯಾನಿಂಗ್‌ಗೆ ಕಳಿಸಿದ್ದರು. ಅವಳ ಶೀಟಿನಲ್ಲೂ ಹತ್ತು ಗಂಟೆಯ ಲೆಕ್ಕ ಇತ್ತು. ಬಿಪಿ 120/80, ನಾಡಿ 82, ಉಸಿರು 20.

"ಇವರದ್ದು ಯಾವಾಗ ನೋಡಿದೆಯಮ್ಮ?"

"ಸ್ಕ್ಯಾನಿಂಗ್‌ಗೆ ಹೋಗೋಕೆ ಮುಂಚೆನೇ ನೋಡಿದೆ ಮೇಡಂ."

ಮಂಚದ ಪಕ್ಕ ಕೂತಿದ್ದ ಬಸುರಿಯ ತಾಯಿ ಏನೂ ಗೊತ್ತಿಲ್ಲದೆ ಹೇಳಿದರು. "ಬೆಳಿಗ್ಗೆಯಿಂದ ಯಾರೂ ಪಟ್ಟಿ ಕಟ್ಟಿಲ್ಲ ಕಣಮ್ಮ. ನಮ್ಮ ಮಗಳಿಗೂ ನೋಡ್ತೀರಾ?"

ಇಂಥ ಹೊತ್ತಿನಲ್ಲಿ ಸಿಟ್ಟು ಬರುತ್ತದೆ. ಆದರೆ ಕಲಿಸುವವರು ಮೊದಲು ನೋಡಬೇಕಾದ್ದು ಮಂಚದ ಮೇಲಿರುವವರನ್ನು. ವಿದ್ಯಾರ್ಥಿನಿಯ ವಿಚಾರಣೆ ಆಮೇಲೆ. ಜನರ ಮುಂದೆ ಬೈದರೆ ಕಾಯಿಲೆಯವರು ಗಾಬರಿಯಾಗುತ್ತಾರೆ, ಹುಡುಗಿ ಇನ್ನೂ ಎರಡು ಸುಳ್ಳು ಹೇಳುತ್ತಾಳೆ. ಅವಳನ್ನು ಜೊತೆಗೆ ನಿಲ್ಲಿಸಿಕೊಂಡು ವಾರ್ಡಿನಲ್ಲಿದ್ದ ಐವರನ್ನೂ ನಾವೇ ಮತ್ತೆ ನೋಡಿದೆವು. ನಾಲ್ಕನೇ ಮಂಚದವರ ಶೀಟಿನಲ್ಲಿ 130/80 ಅಂತ ಇತ್ತು. ಪಟ್ಟಿ ಕಟ್ಟಿ ನೋಡಿದರೆ 160/110. ಇನ್ನೊಂದು ಸಲ ನೋಡಿದೆವು, ಅಷ್ಟೇ ಬಂತು.

ಇದು ಸಣ್ಣ ವ್ಯತ್ಯಾಸ ಅಲ್ಲ. ಬಸುರಿಯರಲ್ಲಿ ಬಿಪಿ ಈ ಮಟ್ಟಕ್ಕೆ ಏರಿದರೆ ಫಿಟ್ಸ್ ಬರಬಹುದು. ತಾಯಿಗೂ ಮಗುವಿಗೂ ಅಪಾಯ. ನಮ್ಮ ಕಡೆ ಇದನ್ನು ನಂಜು ಅನ್ನುತ್ತಾರೆ. ಡ್ಯೂಟಿ ಡಾಕ್ಟರಿಗೆ ತಕ್ಷಣ ಹೇಳಿದೆವು. ಅವರು ಬಂದು ನೋಡಿ ಬಿಪಿ ಇಳಿಸುವ ಔಷಧದ ಜೊತೆಗೆ ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಶುರು ಮಾಡಿಸಿದರು.

ಆ ಇಂಜೆಕ್ಷನ್ ಜೀವ ಉಳಿಸುತ್ತದೆ. ಮೈಯಲ್ಲಿ ಹೆಚ್ಚಾದರೆ ಉಸಿರನ್ನೇ ನಿಲ್ಲಿಸುತ್ತದೆ. ಅದಕ್ಕೇ ಪ್ರತಿ ಡೋಸ್ ಕೊಡುವ ಮುಂಚೆ ಮೂರು ವಿಷಯ ನೋಡಬೇಕು. ಮೊಣಕಾಲಿಗೆ ತಟ್ಟಿದರೆ ಕಾಲು ಎಗರುತ್ತದೆಯೇ? ಗಂಟೆಗೆ ಕಡಿಮೆ ಅಂದರೂ 30 ಎಂಎಲ್ ಮೂತ್ರ ಬರುತ್ತಿದೆಯೇ? ಉಸಿರು ನಿಮಿಷಕ್ಕೆ 16ಕ್ಕಿಂತ ಕೆಳಗೆ ಇಳಿದಿಲ್ಲ ತಾನೇ? ಇಳಿದಿದ್ದರೆ ಮುಂದಿನ ಡೋಸ್ ನಿಲ್ಲಿಸಬೇಕು. ವಿಷ ಏರಿದರೆ ಕೊಡುವುದಕ್ಕೆ ಕ್ಯಾಲ್ಸಿಯಂ ಗ್ಲೂಕೋನೇಟ್ ಪಕ್ಕದಲ್ಲೇ ಇಟ್ಟುಕೊಂಡಿರಬೇಕು. ಉಸಿರು 10ಕ್ಕೆ ಇಳಿದಿರುವಾಗ ಶೀಟಿನಲ್ಲಿ 20 ಅಂತ ಇದ್ದರೆ ಅದನ್ನು ನಂಬಿದ ನರ್ಸು ಮುಂದಿನ ಡೋಸ್ ಕೊಡುತ್ತಾಳೆ.

ಶೀಟಿನಲ್ಲಿ ಜಾಗ ಖಾಲಿ ಇದ್ದರೆ ಮುಂದೆ ಬಂದವರು "ಯಾರೂ ನೋಡಿಲ್ಲ" ಅಂತ ತಾವೇ ನೋಡುತ್ತಾರೆ. ಸುಳ್ಳು ಅಂಕಿ ಇದ್ದರೆ ನೋಡದೆ ಹೋಗುತ್ತಾರೆ. ನಮಗೆ ಕೆಲಸ ಬಿಟ್ಟವಳಿಗಿಂತ ಮಾಡಿದೆ ಅಂತ ಬರೆದವಳ ಮೇಲೆ ಹೆಚ್ಚು ಭಯ.

ತಪ್ಪು ಅಂಕಿಯನ್ನು ಉಜ್ಜಿ ಅಳಿಸುವ ಹಾಗಿಲ್ಲ. ಅದರ ಮೇಲೆ ತಿದ್ದಿ ಬರೆಯುವ ಹಾಗೂ ಇಲ್ಲ. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ತಪ್ಪು ಎಂದು ಬರೆದು, ಸಹಿ ಹಾಕಿ, ಪಕ್ಕದಲ್ಲಿ ಸರಿಯಾದ ಅಂಕಿ ಮತ್ತು ಗಂಟೆ ಬರೆಯಬೇಕು. ಆರು ಶೀಟಿನಲ್ಲೂ ಅವಳ ಕೈಯಿಂದಲೇ ಗೆರೆ ಎಳೆಸಿದೆವು. ಕೈ ನಡುಗುತ್ತಿತ್ತು.

ಮಧ್ಯಾಹ್ನ ಊಟ ಆದ ಮೇಲೆ ಅವಳನ್ನು ಕೂರಿಸಿಕೊಂಡೆವು. ಯಾಕೆ ಸುಳ್ಳು ಬರೆದೆ ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ಅಳು ಒಂದೇ ಉತ್ತರ. "ನನ್ನ ಬಿಪಿ ನೋಡಮ್ಮ" ಅಂತ ಒಬ್ಬರು ಕೈ ಚಾಚಿದರು. ಪಟ್ಟಿ ಸುತ್ತಿದಳು, ಗಾಳಿ ಹಾಕಿದಳು, ಬಿಟ್ಟಳು, "120/80 ಮೇಡಂ" ಅಂದಳು. ಆ ಮೇಡಂಗೆ ಬಿಪಿ ಕಾಯಿಲೆ. ಎಷ್ಟೋ ವರ್ಷದಿಂದ ಅವರಿಗೆ ಆ ಅಂಕಿ ಬಂದೇ ಇಲ್ಲ.

"ನಿಜ ಹೇಳು. ಶಬ್ದ ಕೇಳಿಸ್ತಾ?"

ತುಂಬ ಹೊತ್ತು ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ಹೇಳಿದಳು. ಅವಳಿಗೆ ಆ ಶಬ್ದ ಒಂದು ದಿನವೂ ಕೇಳಿಸಿರಲಿಲ್ಲ. ಮೊದಲ ವರ್ಷದಲ್ಲಿ ಎಲ್ಲರೂ ಸಾಲಾಗಿ ನಿಂತು ನೋಡುವಾಗ ತನ್ನ ಮುಂದಿನವಳು ಹೇಳಿದ ಅಂಕಿಗೆ ಎರಡು ಸೇರಿಸಿ ಹೇಳಿದ್ದಳು. ಆಮೇಲೆ ಕೇಳಿದರೆ ಎಲ್ಲರೂ ನಗುತ್ತಾರೆ ಅನ್ನಿಸಿತು. ಹಾಗೇ ವರ್ಷ ಕಳೆಯಿತು. ಬಿಪಿ ನೋಡಲು ಬರುವುದಿಲ್ಲ ಎಂಬುದನ್ನು ಮುಚ್ಚಿಡಲು ನಾಡಿ, ಉಸಿರನ್ನೂ ನೋಡದೆ ಬರೆಯುವುದು ರೂಢಿಯಾಯಿತು.

ಬರುವುದಿಲ್ಲ ಎನ್ನುವುದಕ್ಕೆ ಔಷಧ ಇದೆ. ಒಂದೇ ಸಲ ಇಬ್ಬರು ಕಿವಿಗೆ ಇಟ್ಟುಕೊಳ್ಳಬಹುದಾದ ಕಲಿಕೆಯ ಸ್ಟೆತಸ್ಕೋಪ್ ಸಿಗುತ್ತದೆ. ಒಂದು ಜೋಡಿ ಅವಳ ಕಿವಿಗೆ, ಇನ್ನೊಂದು ನಮ್ಮ ಕಿವಿಗೆ. ಗಾಳಿ ನಿಧಾನಕ್ಕೆ ಬಿಡುತ್ತಾ, ಶಬ್ದ ಶುರುವಾದಾಗ ಅವಳ ಕೈ ತಟ್ಟಿದೆವು. ಅದು ಮೇಲಿನ ಅಂಕಿ. ಶಬ್ದ ನಿಂತಾಗ ಮತ್ತೆ ತಟ್ಟಿದೆವು. ಅದು ಕೆಳಗಿನದು. ನಾಲ್ಕನೇ ಸಲಕ್ಕೆ ಅವಳೇ ಕೈ ತಟ್ಟಿದಳು. "ಕೇಳಿಸ್ತು ಮೇಡಂ!" ಅಂದಳು. ಅವತ್ತು ಅವಳು ಹೇಳಿದ ಮೊದಲ ಪೂರ್ತಿ ನಿಜ ಅದು.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಅವಳ ಹೆರಿಗೆ ಕೇಸ್ ಬುಕ್ ತರಿಸಿ ನೋಡಿದೆವು. ಯಾವ ಹೆರಿಗೆ ನೋಡಿದೆ, ಯಾವುದನ್ನು ಕೈಯಾರೆ ಮಾಡಿಸಿದೆ ಅಂತ ಬರೆದು, ಮುಂದೆ ನಿಂತಿದ್ದವರ ಸಹಿ ಹಾಕಿಸಿಕೊಳ್ಳುವ ಪುಸ್ತಕ ಅದು. ಅದರಲ್ಲಿ ನಮ್ಮಲ್ಲೊಬ್ಬರ ಸಹಿ ಇತ್ತು. ಸಹಿಯ ಕೆಳಗಿದ್ದ ತಾರೀಕಿನ ದಿನ ಅವರು ರಜೆಯಲ್ಲಿದ್ದರು. ಹುಡುಕಿದಾಗ ಅಂಥವು ಇನ್ನೂ ಮೂರು ಸಿಕ್ಕವು.

ಕಿವಿಗೆ ಕೇಳಿಸದ್ದನ್ನು ನಾಚಿಕೆಯಿಂದ ಮುಚ್ಚಿಡುವುದು ಒಂದು ಬಗೆ. ಕೂತು ಅಭ್ಯಾಸ ಮಾಡಿ ಇನ್ನೊಬ್ಬರ ಸಹಿ ಹಾಕುವುದು ಬೇರೆಯೇ ಬಗೆ. ಮೊದಲನೆಯದಕ್ಕೆ ಕಲಿಸಿದೆವು. ಎರಡನೆಯದನ್ನು ಬರಹದಲ್ಲಿ ಪ್ರಿನ್ಸಿಪಾಲರಿಗೆ ಕೊಟ್ಟೆವು. "ಈಕೆ ಮೋಸಗಾತಿ" ಅಂತ ಬರೆಯಲಿಲ್ಲ. ಯಾವ ದಿನ, ಯಾವ ಪುಟ, ಏನು ಕಂಡಿತು, ಕೇಳಿದಾಗ ಏನು ಹೇಳಿದಳು, ಇಷ್ಟೇ. ಅವಳಿಗೂ ಓದಲು ಕೊಟ್ಟು ಅವಳ ಸಹಿ ತೆಗೆದುಕೊಂಡೆವು. ಆ ನಾಲ್ಕು ಹೆರಿಗೆ ಲೆಕ್ಕಕ್ಕಿಲ್ಲ, ಹೆರಿಗೆ ವಾರ್ಡಿನ ಪೋಸ್ಟಿಂಗ್ ಮತ್ತೆ ಮಾಡಬೇಕು, ಅದು ಮುಗಿಯುವವರೆಗೆ ಪರೀಕ್ಷೆಗೆ ಕಳಿಸುವುದಿಲ್ಲ ಎಂದು ತೀರ್ಮಾನವಾಯಿತು.

ಎರಡು ದಿನಕ್ಕೆ ಅವಳ ಅಪ್ಪ ಬಂದರು. ಬೆಳಗಿನ ಬಸ್ಸಿಗೆ ಬಂದು ಹತ್ತು ಗಂಟೆವರೆಗೆ ಗೇಟಿನಲ್ಲಿ ಕಾದಿದ್ದರು. ಎರಡು ಎಕರೆ ಹೊಲ, ಮೂರು ಹಸು, ಮಗಳ ಫೀಸಿಗೆ ಸಂಘದಲ್ಲಿ ಸಾಲ.

"ಮೇಡಮ್ಮೋರೆ, ಹುಡುಗಿ ತಪ್ಪು ಮಾಡವಳೆ. ಒಂದು ಸಲ ಸಹಿ ಹಾಕಿ ದಾಟಿಸಿಬಿಡಿ. ಆರು ತಿಂಗಳು ಹಿಂದೆ ಬಿದ್ರೆ ನಾನು ಬಡ್ಡಿ ಕಟ್ಟೋಕಾಗಲ್ಲ."

ಅವರ ಕಷ್ಟ ಸುಳ್ಳಲ್ಲ. ಕಾಲೇಜಿನ ಆಡಳಿತದವರೂ ರಿಸಲ್ಟ್ ಕಡಿಮೆಯಾದರೆ ಮುಂದಿನ ವರ್ಷ ಸೀಟು ತುಂಬುವುದಿಲ್ಲ ಎಂದು ಒಂದು ಮಾತು ಹೇಳಿ ಹೋಗಿದ್ದರು. ನಾವು ಅವರನ್ನು ಕೂರಿಸಿ, ಟೀ ತರಿಸಿ, ಕೇಳಿದೆವು. "ಯಜಮಾನರೆ, ನೀವು ಹಾಲು ಎಲ್ಲಿಗೆ ಹಾಕ್ತೀರಿ?"

"ಊರ ಡೇರಿಗೆ."

"ಅಲ್ಲಿ ಫ್ಯಾಟು, ಡಿಗ್ರಿ ನೋಡದೇನೇ ಎಲ್ಲರಿಗೂ ಒಂದೇ ಲೆಕ್ಕ ಬರೆದರೆ?"

"ಬಿಡ್ತೀವಾ? ಕ್ಯಾನ್ ಅಲ್ಲೇ ಇಟ್ಟು ಗಲಾಟೆ ಮಾಡ್ತೀವಿ."

ನಾಲ್ಕನೇ ಮಂಚದ ಹೆಣ್ಣುಮಗಳ ವಿಷಯವನ್ನು ಹೆಸರಿಲ್ಲದೆ ಹೇಳಿದೆವು. ಅವರು ಮಾತಾಡಲಿಲ್ಲ. ಟೀ ಆರಿಹೋಯಿತು. ಹೊರಡುವಾಗ ಸಾಲದ ಕಂತು ಮುಂದಕ್ಕೆ ಹಾಕಿಸಿಕೊಳ್ಳಲು ಕಾಲೇಜಿನಿಂದ ಒಂದು ಪತ್ರ ಕೊಡಲು ಆಗುತ್ತದೆಯೇ ಎಂದು ಕೇಳಿದರು. ಓಡಾಡಿ ಪತ್ರ ಕೊಡಿಸಿದೆವು. ಸಹಿ ಮಾತ್ರ ಹಾಕಲಿಲ್ಲ.

ಅವಳು ರಜೆಯಲ್ಲಿ ಬಂದು ಪೋಸ್ಟಿಂಗ್ ಮತ್ತೆ ಮಾಡಿದಳು. ಜೊತೆಯವರು ಪರೀಕ್ಷೆ ಬರೆದು ಊರಿಗೆ ಹೋದಾಗ ಹಾಸ್ಟೆಲ್‌ನಲ್ಲಿ ಒಬ್ಬಳೇ ಇದ್ದಳು. ಅವಳು ಬರೆದ ಅಂಕಿಗಳಲ್ಲಿ ದಿನಕ್ಕೆ ಎರಡನ್ನು ನಾವು ಹೇಳದೆ ಹೋಗಿ ಮತ್ತೆ ನೋಡುತ್ತಿದ್ದೆವು. ಮೊದಲ ವಾರದಲ್ಲಿ ಒಂದು ಶೀಟಿನಲ್ಲಿ ಬಿಪಿ ಜಾಗ ಖಾಲಿ ಬಿಟ್ಟು "ಕೇಳಿಸಲಿಲ್ಲ, ಸಿಸ್ಟರ್‌ಗೆ ಹೇಳಿದ್ದೇನೆ" ಎಂದು ಬರೆದಿದ್ದಳು. ಆ ಹೆಂಗಸಿನ ತೋಳು ದಪ್ಪ, ಪಟ್ಟಿ ಚಿಕ್ಕದು, ಯಾರಿಗಾದರೂ ಕಷ್ಟವೇ. ಅವಳು ಆರು ತಿಂಗಳು ತಡವಾಗಿ ಪಾಸಾದಳು.

ಆಮೇಲಿಂದ ನಾವು ಮೂವರೂ ಪೋಸ್ಟಿಂಗಿನ ಮೊದಲ ದಿನ ಒಂದು ಮಾತು ಹೇಳುತ್ತೇವೆ. "ಬರಲ್ಲ ಅಂದರೆ ಕಲಿಸ್ತೀವಿ. ಮಾಡಿಲ್ಲ ಅಂದರೆ ಈಗ ಮಾಡು ಅಂತೀವಿ. ಮಾಡದೆ ಮಾಡಿದೆ ಅಂದರೆ ಅವತ್ತೇ ವಾರ್ಡಿನಿಂದ ಆಚೆಗೆ." ಇದರ ಫಲ ಕಂಡಿದ್ದೇವೆ. ಒಬ್ಬ ಹುಡುಗ ಇನ್ಸುಲಿನ್ ಎಳೆಯುವಾಗ ನಿಲ್ಲಿಸಿ, "ಮೇಡಂ, ಈ ಸಿರಿಂಜಿನ ಮುಚ್ಚಳ ಕೆಂಪಿದೆ, ಬಾಟಲಿ ಮೇಲೆ 100 ಅಂತ ಇದೆ, ನನಗೆ ಗೊತ್ತಾಗ್ತಿಲ್ಲ" ಅಂದ. ಕೆಂಪು ಮುಚ್ಚಳದ ಸಿರಿಂಜು 40ರ ಇನ್ಸುಲಿನ್‌ಗೆ, ಕಿತ್ತಳೆ ಬಣ್ಣದ್ದು 100ರದ್ದಕ್ಕೆ. ಅದಲುಬದಲಾಗಿ 20 ಗೆರೆ ಎಳೆದಿದ್ದರೆ ಕಾಯಿಲೆಯವರ ಮೈಗೆ 50 ಯೂನಿಟ್ ಹೋಗುತ್ತಿತ್ತು. ಸಕ್ಕರೆ ಕುಸಿದು ಪ್ರಾಣಕ್ಕೇ ಬರುತ್ತಿತ್ತು. ಗೊತ್ತಿಲ್ಲ ಅಂದದ್ದಕ್ಕೆ ಅವನನ್ನು ಎಲ್ಲರ ಮುಂದೆ ಹೊಗಳಿದೆವು.

ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಹತ್ತು ವಿದ್ಯಾರ್ಥಿಗಳಿಗೆ ಒಬ್ಬರು ಕಲಿಸುವವರು ಇರಬೇಕು. ಮಗಳನ್ನೋ ಮಗನನ್ನೋ ನರ್ಸಿಂಗ್‌ಗೆ ಸೇರಿಸುವವರು ಫೀಸು, ಹಾಸ್ಟೆಲ್ ಕೇಳುವಾಗ ಇದನ್ನೂ ಕೇಳಿ. ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಜೊತೆಗೆ ಯಾರು ಬರುತ್ತಾರೆ ಅಂತ ಕೇಳಿ. ಹೋಗದೆಯೇ ಹಾಜರಿ ಕೊಡುತ್ತೇವೆ ಅನ್ನುವ ಕಡೆ ಸೇರಿಸಬೇಡಿ.

ಆಸ್ಪತ್ರೆಯಲ್ಲಿ ನಿಮ್ಮವರ ಬಿಪಿ ನೋಡಿದಾಗ "ಎಷ್ಟು ಬಂತಮ್ಮ?" ಅಂತ ಮೆಲ್ಲಗೆ ಕೇಳಿ, ಅದು ನಿಮ್ಮ ಹಕ್ಕು. ನೋಡಿದವಳು ಖುಷಿಯಿಂದ ಹೇಳುತ್ತಾಳೆ.

ಮಗಳು ರಜೆಗೆ ಊರಿಗೆ ಬಂದಾಗ ಮಾರ್ಕ್ಸ್ ಕೇಳುವುದರ ಜೊತೆಗೆ ಅಜ್ಜಿಯ ಬಿಪಿ ನೋಡು ಅನ್ನಿ. ಕೇಳಿಸಲಿಲ್ಲ ಅಂದರೆ ನಗಬೇಡಿ, ಬೈಯಬೇಡಿ. ಇನ್ನೊಂದು ಸಲ ನೋಡು ಅನ್ನಿ.